ಲಿವರ್‌ನ ಹಿಂಭಾಗದ ಕಪ್ಪು ಜಾಗ: ಎರಡು ಸ್ಕ್ಯಾನ್ ರಿಪೋರ್ಟ್ ತಾಳೆಯಾಗದ ಒಂದು ಪ್ರಕರಣ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ, ಅಲ್ಟ್ರಾಸೌಂಡ್ ಕೋಣೆಯಲ್ಲಿ ನಾನು ನೋಡಿದ ಪ್ರಕರಣ ಇದು. ರೋಗಿಯ ಗುರುತು ಸಿಗಬಾರದು ಅಂತ ಊರು, ಕಸುಬು, ವಯಸ್ಸು ಇಂಥವನ್ನು ಸ್ವಲ್ಪ ಬದಲಿಸಿದ್ದೇನೆ. ಹೊಸದಾಗಿ ಸ್ಕ್ಯಾನಿಂಗ್ ಕಲಿಯುತ್ತಿರುವ ವೈದ್ಯರಿಗೆ ಇದು ಉಪಯೋಗಕ್ಕೆ ಬರಬೇಕು. ಕೈಯಲ್ಲಿ 'ಫ್ಯಾಟಿ ಲಿವರ್', ಅಂದರೆ ಲಿವರ್‌ನಲ್ಲಿ ಕೊಬ್ಬು ಸೇರಿದೆ, ಅಂತ ರಿಪೋರ್ಟ್ ಹಿಡಿದುಕೊಂಡು ಗಾಬರಿಯಾಗಿರುವ ಮನೆಯವರಿಗೂ ಉಪಯೋಗಕ್ಕೆ ಬರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಯಜಮಾನರಿಗೆ ಐವತ್ತರ ಆಸುಪಾಸು. ಧಾನ್ಯದ ಮಂಡಿ ಇದೆ, ದಿನವಿಡೀ ಗಲ್ಲಾದ ಮುಂದೆ ಕೂತು ಕೆಲಸ. ಶುಗರ್ ಬಂದು ಹತ್ತು ವರ್ಷ ದಾಟಿತ್ತು. ತೂಕ 96 ಕಿಲೋ, ಅದರಲ್ಲಿ ಹೆಚ್ಚಿನದು ಹೊಟ್ಟೆಯ ಸುತ್ತವೇ. ಕುಡಿತ ಇಲ್ಲ. ಒಂದು ಆರೋಗ್ಯ ಶಿಬಿರದಲ್ಲಿ ಚಿಕ್ಕ ಪೋರ್ಟಬಲ್ ಮೆಷಿನ್‌ನಲ್ಲಿ ಸ್ಕ್ಯಾನ್ ಮಾಡಿಸಿದ್ದರು. ಆ ರಿಪೋರ್ಟ್‌ನಲ್ಲಿ ಎರಡು ಸಾಲು: ಫ್ಯಾಟಿ ಲಿವರ್ ಗ್ರೇಡ್ 3, ಗಡ್ಡೆ ಏನೂ ಇಲ್ಲ.

ಆರು ತಿಂಗಳಾದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ಆಗಾಗ ಭಾರ ಅನ್ನಿಸತೊಡಗಿತು. ಬೇರೊಂದು ಕಡೆ ಸ್ಕ್ಯಾನ್ ಮಾಡಿಸಿದರು. ಈ ಸಲದ ರಿಪೋರ್ಟ್‌ನಲ್ಲಿ, ಲಿವರ್‌ನ ಬಲಭಾಗದ ಹಿಂಬದಿಯಲ್ಲಿ ಸುಮಾರು 3 ಸೆಂಟಿಮೀಟರ್‌ನ ಕಪ್ಪು ಗಡ್ಡೆ ಇರಬಹುದು, ಸೂಜಿ ಹಾಕಿ ಪರೀಕ್ಷೆ ಮಾಡುವುದು ಒಳ್ಳೆಯದು ಎಂದು ಬರೆದಿತ್ತು.

ಮನೆಯವರು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿದರು. ಆರು ತಿಂಗಳ ಹಿಂದೆ ಏನೂ ಇಲ್ಲ, ಈಗ 3 ಸೆಂಟಿಮೀಟರ್. ಇಷ್ಟು ಬೇಗ ಬೆಳೆಯುವುದು ಒಂದೇ ಕಾಯಿಲೆ ಅಂತ ಅವರೇ ತೀರ್ಮಾನಕ್ಕೆ ಬಂದುಬಿಟ್ಟಿದ್ದರು. ನಮ್ಮಲ್ಲಿಗೆ ಬಂದಾಗ ಯಜಮಾನರು ಮಾತೇ ಆಡಲಿಲ್ಲ. ಮಗ ಬಾಗಿಲ ಹತ್ತಿರವೇ ನಿಂತು ಕೇಳಿದ: "ಡಾಕ್ಟ್ರೇ, ಅಪ್ಪನಿಗೆ ಹೇಳಬೇಡಿ, ನನಗೆ ಮಾತ್ರ ಹೇಳಿ. ಆರು ತಿಂಗಳಲ್ಲಿ ಇಷ್ಟು ದೊಡ್ಡದಾಗುತ್ತಾ?"

ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕಿತ್ತು. ಮೊದಲ ಸ್ಕ್ಯಾನ್‌ನ ಶಬ್ದ ಆ ಜಾಗದವರೆಗೆ ಹೋಗಿ ವಾಪಸ್ ಬಂದಿತ್ತಾ?

ಶಬ್ದ ಎಲ್ಲಿ ಹೋಗುತ್ತದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ತಿಳಿಯದೆ ಮುಂದಿನ ಯಾವ ತೀರ್ಮಾನವೂ ಅರ್ಥವಾಗುವುದಿಲ್ಲ.

ಅಲ್ಟ್ರಾಸೌಂಡ್ ಅಂದರೆ ಒತ್ತಡದ ಅಲೆ. ಅಂಗಾಂಶದ ಒಳಗೆ ಹೋಗುತ್ತಾ ಅಲ್ಲಿನ ಅಣುಗಳನ್ನು ಒತ್ತುತ್ತದೆ, ಬಿಡುತ್ತದೆ. ನೀರಿನ ಅಣು ಚಿಕ್ಕದು, ಒತ್ತಿ ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ಪ್ರೋಟೀನ್‌ನಂಥ ದೊಡ್ಡ ಅಣು ಹಾಗಲ್ಲ. ಅದು ಮೊದಲಿನ ಸ್ಥಿತಿಗೆ ಬರುವುದು ಸ್ವಲ್ಪ ತಡ. ಅಷ್ಟರಲ್ಲಿ ಮುಂದಿನ ಒತ್ತಡ ಬಂದಿರುತ್ತದೆ. ಈ ತಾಳ ತಪ್ಪುವುದರಲ್ಲಿ ಅಲೆಯ ಶಕ್ತಿ ಒಂದಿಷ್ಟು ಶಾಖವಾಗಿ ಅಲ್ಲೇ ಉಳಿಯುತ್ತದೆ. ಇದೇ ಹೀರಿಕೆ. ಸೆಕೆಂಡಿಗೆ ಎಷ್ಟು ಜಾಸ್ತಿ ಸಲ ಒತ್ತಿ ಬಿಡುತ್ತೇವೋ ಅಷ್ಟು ಜಾಸ್ತಿ ನಷ್ಟ. ಹಾಗಾಗಿ ಫ್ರೀಕ್ವೆನ್ಸಿ ಏರಿದಷ್ಟೂ ಹೀರಿಕೆ ಏರುತ್ತದೆ. ಇದರ ಜೊತೆಗೆ ಒಂದಿಷ್ಟು ಶಬ್ದ ಚದುರುತ್ತದೆ, ಒಂದಿಷ್ಟು ಪ್ರತಿಫಲಿಸುತ್ತದೆ. ಆದರೆ ಮೃದು ಅಂಗಾಂಶದಲ್ಲಿ ಕಳೆದುಹೋಗುವ ಶಕ್ತಿಯ ದೊಡ್ಡ ಪಾಲು ಹೀರಿಕೆಯದ್ದೇ.

ಲೆಕ್ಕ ಹೀಗಿದೆ. ಮೆಗಾಹರ್ಟ್ಜ್ ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಸಲ. ಡೆಸಿಬೆಲ್ ಅಂದರೆ ನಷ್ಟದ ಅಳತೆ, ಪ್ರತಿ 10 ಡೆಸಿಬೆಲ್‌ಗೆ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಆರೋಗ್ಯವಂತ ಲಿವರ್‌ನಲ್ಲಿ ಒಂದು ಮೆಗಾಹರ್ಟ್ಜ್‌ಗೆ, ಒಂದು ಸೆಂಟಿಮೀಟರ್‌ಗೆ, ಸುಮಾರು 0.5 ಡೆಸಿಬೆಲ್ ಕಡಿಮೆಯಾಗುತ್ತದೆ. ರಕ್ತದಲ್ಲಿ ಸುಮಾರು 0.2. ಸ್ನಾಯುವಿನಲ್ಲಿ 1ರ ಹತ್ತಿರ. ಕಾಲಜನ್ ತುಂಬಿದ ಸ್ನಾಯುರಜ್ಜುವಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಮೂಳೆಯಲ್ಲಂತೂ ಲಿವರ್‌ಗಿಂತ ಹತ್ತು ಇಪ್ಪತ್ತು ಪಟ್ಟು. ನೀರಿನಲ್ಲಿ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಹೊಟ್ಟೆಯ ಕೆಳಭಾಗದ ಸ್ಕ್ಯಾನ್‌ಗೆ ಬಂದವರಿಗೆ 'ನೀರು ಕುಡಿದು ಬನ್ನಿ, ಮೂತ್ರ ಮಾಡಬೇಡಿ' ಅಂತ ಹೇಳುವುದರ ಹಿಂದೆಯೂ ಇದೇ ಇದೆ. ತುಂಬಿದ ಮೂತ್ರಕೋಶ ಶಬ್ದವನ್ನು ಹೀರದೆ ಒಳಗೆ ಬಿಡುತ್ತದೆ, ಅದರ ಹಿಂದಿನ ಅಂಗಗಳು ಚೆನ್ನಾಗಿ ಕಾಣುತ್ತವೆ.

ಈಗ ಫ್ಯಾಟಿ ಲಿವರ್. ಚರ್ಮದ ಕೆಳಗಿನ ಕೊಬ್ಬು ತಾನಾಗಿ ಶಬ್ದವನ್ನು ವಿಪರೀತ ಹೀರುವುದಿಲ್ಲ. ಆದರೆ ಲಿವರ್ ಜೀವಕೋಶಗಳ ಒಳಗೆ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಸೇರಿಕೊಂಡಾಗ ಕಥೆಯೇ ಬೇರೆ. ಕೊಬ್ಬಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1450 ಮೀಟರ್, ಲಿವರ್‌ನಲ್ಲಿ ಅದಕ್ಕಿಂತ ನೂರು ಮೀಟರ್‌ಗೂ ಜಾಸ್ತಿ. ಇಂಥ ಎರಡು ವಸ್ತುಗಳ ಬೆರಕೆಯಲ್ಲಿ ಹಾಯುವ ಅಲೆ ಪ್ರತಿ ಹೆಜ್ಜೆಗೂ ಚದುರುತ್ತದೆ, ಸೋರುತ್ತದೆ. ಮೇಲ್ಭಾಗದಲ್ಲಿ ಚದುರಿ ವಾಪಸ್ ಬಂದ ಶಬ್ದದಿಂದ ಲಿವರ್ ಬೆಳ್ಳಗೆ ಕಾಣುತ್ತದೆ. ಆಳಕ್ಕೆ ತಲುಪಲು ಶಬ್ದವೇ ಉಳಿಯದೆ ಹಿಂಭಾಗ ಕಪ್ಪಾಗುತ್ತದೆ. ನಷ್ಟದ ಪ್ರಮಾಣ 0.5ರಿಂದ 0.7, 0.8ಕ್ಕೆ ಏರಬಹುದು.

ಕೇಳಲು ಚಿಕ್ಕ ವ್ಯತ್ಯಾಸ, ಅಲ್ವಾ? ಈ ರೋಗಿಯಲ್ಲೇ ಲೆಕ್ಕ ಹಾಕಿ ನೋಡಿ. ಹೊಟ್ಟೆಯ ಮುಂದಿನಿಂದ ಆ ಜಾಗಕ್ಕೆ ಸುಮಾರು 14 ಸೆಂಟಿಮೀಟರ್. ಹೋಗಿ ಬರಲು 28. 4 ಮೆಗಾಹರ್ಟ್ಜ್‌ನಲ್ಲಿ, ಆರೋಗ್ಯವಂತ ಲಿವರ್ ಆಗಿದ್ದರೆ ನಷ್ಟ 56 ಡೆಸಿಬೆಲ್. ಅಂದರೆ ಕಳಿಸಿದ ಶಕ್ತಿ ಸುಮಾರು 4 ಲಕ್ಷದಲ್ಲಿ ಒಂದು ಪಾಲಾಗುತ್ತದೆ. ಇದನ್ನು ಮೆಷಿನ್ ನಿಭಾಯಿಸುತ್ತದೆ. ಅದೇ 0.75ರ ಲೆಕ್ಕ ಹಿಡಿದರೆ 84 ಡೆಸಿಬೆಲ್, ಸುಮಾರು 25 ಕೋಟಿಯಲ್ಲಿ ಒಂದು ಪಾಲು. ಇದರ ಮೇಲೆ, ಅಂಗಾಂಶದಿಂದ ಚದುರಿ ಬರುವ ಪ್ರತಿಧ್ವನಿ ಮೊದಲೇ ತೀರಾ ಕ್ಷೀಣ. ಮೆಷಿನ್‌ನ ಒಳಗಿನ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ.

ಮೊದಲ ರಿಪೋರ್ಟ್‌ನ ಜೊತೆ ಅಂಟಿಸಿದ್ದ ಚಿತ್ರ ನೋಡಿದೆ. ಲಿವರ್‌ನ ಮೇಲಿನ ಅರ್ಧ ಬೆಳ್ಳಗೆ, ಕೆಳಗಿನ ಅರ್ಧ ಕಪ್ಪು. ಲಿವರ್ ಮುಗಿಯುವಲ್ಲಿ ವಪೆಯ, ಅಂದರೆ ಡಯಾಫ್ರಂನ, ಹೊಳೆಯುವ ಗೆರೆ ಕಾಣಬೇಕು. ಅದು ಎಲ್ಲೂ ಇರಲಿಲ್ಲ. ಗ್ರೇಡ್ 3 ಅಂತ ಕರೆಯುವುದೇ ಆ ಗೆರೆ ಕಾಣದೇ ಹೋದಾಗ. ಹಾಗಾಗಿ ಅದೇ ಕಾಗದದಲ್ಲಿ 'ಗ್ರೇಡ್ 3' ಮತ್ತು 'ಗಡ್ಡೆ ಏನೂ ಇಲ್ಲ' ಎರಡೂ ಒಟ್ಟಿಗೆ ಇರುವುದು ಸರಿಯಲ್ಲ. ಹಿಂಭಾಗ ಕಂಡೇ ಇಲ್ಲ ಅನ್ನುವುದೇ ಗ್ರೇಡ್ 3ರ ಅರ್ಥ.

ಮಗನಿಗೆ ಇಷ್ಟನ್ನು ಮೊದಲು ಹೇಳಿದೆ: ಆರು ತಿಂಗಳಲ್ಲಿ ಬೆಳೆಯಿತು ಅನ್ನಲು ಯಾವ ಆಧಾರವೂ ಇಲ್ಲ. ಆಗಲೂ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಮೊದಲ ಸ್ಕ್ಯಾನ್ ಅಲ್ಲಿಗೆ ತಲುಪಲೇ ಇಲ್ಲ. ಅವನು ಹೊರಗೆ ಬೆಂಚಿನ ಮೇಲೆ ಹೋಗಿ ಕೂತ.

ಏನೇನು ಮಾಡಿದೆವು

ನಮ್ಮಲ್ಲಿ ತರಬೇತಿಗೆ ಬಂದಿದ್ದ ಕಿರಿಯ ವೈದ್ಯೆ ಪ್ರೋಬ್, ಅಂದರೆ ಮೈಮೇಲೆ ಇಟ್ಟು ಶಬ್ದ ಕಳಿಸಿ ಕೇಳಿಸಿಕೊಳ್ಳುವ ಸಾಧನ, ಹಿಡಿದಿದ್ದರು. ಪಕ್ಕೆಯ ಕೆಳಗಿನಿಂದ, ಎಂದಿನ ಸೆಟ್ಟಿಂಗ್‌ನಲ್ಲಿ. ಆಳದಲ್ಲಿ ಬರೀ ಕತ್ತಲೆ. ಎಲ್ಲರ ಕೈಯೂ ಮೊದಲು ಹೋಗುವುದು ಗೇನ್ ಗುಂಡಿಗೆ, ಅವರ ಕೈಯೂ ಅಲ್ಲಿಗೇ ಹೋಯಿತು. ಗೇನ್ ಏರಿಸಿದಂತೆ ಕಪ್ಪು ಹೋಗಿ ಬೂದು ಬಂತು. ನೋಡಲು ಚಿತ್ರ ಸುಧಾರಿಸಿದ ಹಾಗಿತ್ತು. ಆದರೆ ಆ ಬೂದು ಬಣ್ಣದ ಚುಕ್ಕೆಗಳು ಒಂದೇ ಸಮನೆ ಮಿಣಮಿಣ ಕುಣಿಯುತ್ತಿದ್ದವು. ಉಸಿರು ಬಿಗಿಹಿಡಿಯಿರಿ ಅಂದಾಗಲೂ ನಿಲ್ಲಲಿಲ್ಲ. ನಿಜವಾದ ಅಂಗಾಂಶದ ಚಿತ್ರ ಉಸಿರು ಹಿಡಿದಾಗ ನಿಂತುಬಿಡುತ್ತದೆ. ಕುಣಿಯುತ್ತಿದ್ದದ್ದು ಗದ್ದಲ. ದೂರದ ರೇಡಿಯೋ ಸ್ಟೇಷನ್‌ಗೆ ವಾಲ್ಯೂಮ್ ಏರಿಸಿದರೆ ಗರಗರ ಶಬ್ದವೇ ಜಾಸ್ತಿಯಾಗುತ್ತದಲ್ಲ, ಹಾಗೆ. ಗೇನ್ ಅನ್ನುವುದು ವಾಪಸ್ ಬಂದದ್ದನ್ನು ದೊಡ್ಡದು ಮಾಡುತ್ತದೆ ಅಷ್ಟೇ. ಬರದೇ ಇದ್ದದ್ದನ್ನು ತರುವುದಿಲ್ಲ.

ಹಾಗಾದರೆ ಒಳಗೆ ಕಳಿಸುವ ಶಕ್ತಿಯನ್ನೇ ಏರಿಸಿದರೆ? ಆ ದಾರಿಯೂ ಬೇಗ ಮುಗಿಯುತ್ತದೆ. ಹೀರಿದ ಶಬ್ದ ಶಾಖವಾಗುವುದರಿಂದ ರೋಗ ಪತ್ತೆಯ ಮೆಷಿನ್‌ಗಳಿಗೆ ಮಿತಿ ಇದೆ. ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಟ್ಟಿರುವ ಮೇಲ್ಮಿತಿ ಪ್ರತಿ ಚದರ ಸೆಂಟಿಮೀಟರ್‌ಗೆ 720 ಮಿಲಿವ್ಯಾಟ್. ಅಷ್ಟಕ್ಕೂ, ಶಕ್ತಿಯನ್ನು ದುಪ್ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ನಮಗೆ ಬೇಕಿದ್ದದ್ದು ಅದರ ಎಷ್ಟೋ ಪಟ್ಟು.

ಉಳಿದದ್ದು ಎರಡೇ ದಾರಿ. ಫ್ರೀಕ್ವೆನ್ಸಿ ಇಳಿಸಬೇಕು, ಇಲ್ಲವೇ ದೂರ ಕಡಿಮೆ ಮಾಡಬೇಕು.

ಫ್ರೀಕ್ವೆನ್ಸಿಯನ್ನು ಮೆಷಿನ್ ಬಿಟ್ಟಷ್ಟು ಕೆಳಗೆ, 2 ಮೆಗಾಹರ್ಟ್ಜ್‌ನ ಹತ್ತಿರಕ್ಕೆ ತಂದೆವು. ಹಾರ್ಮೋನಿಕ್ ಸೆಟ್ಟಿಂಗ್ ಆಫ್ ಮಾಡಿದೆವು. ಹಾರ್ಮೋನಿಕ್ ಹಾಕಿದರೆ ಚಿತ್ರ ಚೊಕ್ಕಟವಾಗಿ ಕಾಣುತ್ತದೆ, ದಪ್ಪಗಿರುವವರಲ್ಲಿ ಹೊಟ್ಟೆಯ ಗೋಡೆಯಿಂದ ಬರುವ ಕಲಬೆರಕೆ ಕಡಿಮೆಯಾಗುತ್ತದೆ, ನಿಜ. ಆದರೆ ಅದರಲ್ಲಿ ಮೆಷಿನ್ ಕೇಳಿಸಿಕೊಳ್ಳುವುದು ಕಳಿಸಿದ್ದರ ದುಪ್ಪಟ್ಟು ಫ್ರೀಕ್ವೆನ್ಸಿಯ ಶಬ್ದವನ್ನು. ವಾಪಸ್ ಬರುವ ದಾರಿಯಲ್ಲಿ ಅದನ್ನು ಲಿವರ್ ಇನ್ನೂ ಜಾಸ್ತಿ ಹೀರುತ್ತದೆ. ಇಷ್ಟಕ್ಕೇ 84 ಡೆಸಿಬೆಲ್ ನಷ್ಟ 42ಕ್ಕೆ ಇಳಿಯಿತು. ಚಿತ್ರ ಸ್ವಲ್ಪ ಒರಟಾಯಿತು, ಅಲೆ ಉದ್ದವಾದಷ್ಟು ಸೂಕ್ಷ್ಮ ವಿವರ ಹೋಗುತ್ತದೆ. ಆದರೆ ಕತ್ತಲೆಯಲ್ಲಿ ಏನೋ ಒಂದು ದುಂಡಗಿನ ಆಕಾರ ಕಾಣತೊಡಗಿತು.

ಆಮೇಲೆ ದೂರ. ಯಜಮಾನರನ್ನು ಎಡಮಗ್ಗುಲಿಗೆ ತಿರುಗಿಸಿ ಮಲಗಿಸಿದೆವು. ಬಲಗೈ ತಲೆಯ ಮೇಲಕ್ಕೆ, ಪಕ್ಕೆಲುಬುಗಳ ನಡುವಿನ ಸಂದು ಅಗಲವಾಗಲಿ ಅಂತ. ಈಗ ಪ್ರೋಬ್ ಪಕ್ಕೆಯ ಮೇಲೆ. ಇದರಲ್ಲಿ ಒಂದು ತೊಡಕಿದೆ. ಪಕ್ಕೆಲುಬಿನ ಮೇಲೆ ಬಿದ್ದ ಶಬ್ದದ ಬಹುಪಾಲು ಅಲ್ಲೇ ಪ್ರತಿಫಲಿಸಿ, ಹೀರಿಹೋಗಿ ಮುಗಿಯುತ್ತದೆ, ಹಿಂದೆ ಕಪ್ಪು ನೆರಳು ಬೀಳುತ್ತದೆ. ಆ ನೆರಳನ್ನೇ ಗಡ್ಡೆ ಅಂದುಕೊಳ್ಳುವ ಅಪಾಯ ಇದ್ದೇ ಇದೆ. ಹಾಗಾಗಿ ಪ್ರೋಬನ್ನು ಎಲುಬಿನ ಓರೆಗೆ ಸರಿಯಾಗಿ ಓರೆ ಮಾಡಿ, ಸಂದಿನಲ್ಲಿ ಕೂರಿಸಿ, ಮೆತ್ತಗೆ ಒತ್ತಿ, 'ಅರ್ಧ ಉಸಿರು ತಗೊಂಡು ಹಿಡ್ಕೊಳ್ಳಿ' ಅಂದೆವು. ಆ ಜಾಗಕ್ಕೆ ಈಗ ಪ್ರೋಬ್‌ನಿಂದ ಬರೀ 8 ಸೆಂಟಿಮೀಟರ್. ನಷ್ಟ 24 ಡೆಸಿಬೆಲ್. 25 ಕೋಟಿಯಲ್ಲಿ ಒಂದು ಪಾಲು ವಾಪಸ್ ಬರುತ್ತಿದ್ದಲ್ಲಿ ಈಗ 250ರಲ್ಲಿ ಒಂದು ಪಾಲು.

ಚಿತ್ರ ನಿಂತಿತು. ಕುಣಿಯಲಿಲ್ಲ.

ತಿರುವು

ಬೆಳ್ಳಗಿನ ಲಿವರ್‌ನ ನಡುವೆ ದುಂಡಗಿನ, ಅಂಚು ಸ್ಪಷ್ಟವಾಗಿದ್ದ ಕಪ್ಪು ಮಚ್ಚೆ, 3 ಸೆಂಟಿಮೀಟರ್‌ಗಿಂತ ಒಂಚೂರು ಚಿಕ್ಕದು. ಎರಡನೆಯ ಸೆಂಟರ್‌ನವರು ಕಂಡದ್ದು ಸರಿಯೇ ಇತ್ತು. ಅಷ್ಟು ಹೊತ್ತಿಗೆ ನಾವು ಮಚ್ಚೆಯ ಅಳತೆ ತೆಗೆಯುವುದರಲ್ಲಿದ್ದೆವು. ಕಿರಿಯ ವೈದ್ಯೆ ಮಚ್ಚೆಯನ್ನು ಬಿಟ್ಟು ಅದರ ಹಿಂದೆ ನೋಡುತ್ತಿದ್ದರು. "ಇಲ್ಲಿ ಮಾತ್ರ ಡಯಾಫ್ರಂ ಕಾಣ್ತಿದೆಯಲ್ಲ?" ಅಂದರು.

ಹೌದು. ಬೇರೆಲ್ಲೂ ಕಾಣದ ವಪೆಯ ಗೆರೆ, ಸರಿಯಾಗಿ ಆ ಮಚ್ಚೆಯ ಹಿಂದೆ, ಮಚ್ಚೆಯಷ್ಟೇ ಅಗಲಕ್ಕೆ, ಹೊಳೆಯುತ್ತಿತ್ತು. ಮಚ್ಚೆಯಿಂದ ಹಿಂದಕ್ಕೆ ಒಂದು ಬೆಳಕಿನ ಪಟ್ಟಿ ಇಳಿದಿತ್ತು.

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸುವ ಕ್ಷಣ ಇದು. ಆಳದಿಂದ ಬಂದ ಪ್ರತಿಧ್ವನಿಯನ್ನು ಮೆಷಿನ್ ಒಂದು ಲೆಕ್ಕದ ಪ್ರಕಾರ ದೊಡ್ಡದು ಮಾಡುತ್ತದೆ. ಇಷ್ಟು ಆಳ ಅಂದರೆ ದಾರಿಯಲ್ಲಿ ಇಷ್ಟು ನಷ್ಟ ಆಗಿರುತ್ತದೆ ಅಂದುಕೊಂಡು, ಅಷ್ಟನ್ನು ತುಂಬಿಕೊಡುತ್ತದೆ. ಒಂದು ಆಳಕ್ಕೆ ಒಂದೇ ಅಳತೆ. ಎಡಕ್ಕೊಂದು ಬಲಕ್ಕೊಂದು ಇಲ್ಲ. ಹಾಗಿದ್ದೂ ಒಂದು ಪಟ್ಟಿ ಮಾತ್ರ ಬೆಳ್ಳಗೆ ಬಂತು ಅಂದರೆ ಆ ದಾರಿಯಲ್ಲಿ ಹೋದ ಶಬ್ದಕ್ಕೆ ನಷ್ಟ ಕಡಿಮೆಯಾಗಿದೆ. ಮಚ್ಚೆಯ ಒಳಗೆ ಹೀರಿಕೆ ಸುತ್ತಲಿನ ಕೊಬ್ಬಿದ ಲಿವರ್‌ಗಿಂತ ಕಡಿಮೆ. ಪಿತ್ತಕೋಶದ ಕಲ್ಲಿನ ಹಿಂದೆ ನೆರಳು ಬೀಳುತ್ತದಲ್ಲ, ಅದರ ಉಲ್ಟಾ.

ಕಪ್ಪು ಮಚ್ಚೆ ನಿಜವಾದ ವಸ್ತು, ಎಲುಬಿನ ನೆರಳೋ ಶಬ್ದ ತಲುಪದ ಕತ್ತಲೆಯೋ ಅಲ್ಲ ಅನ್ನುವುದು ಇದರಿಂದ ಖಾತ್ರಿಯಾಯಿತು. ನೆರಳಿನ ಹಿಂದೆ ಬೆಳಕು ಬರುವುದಿಲ್ಲ. ಇಂಥ ಖಾತ್ರಿ ಸುಮ್ನೆ ಬರುವುದಲ್ಲ. 1940ರ ದಶಕದಲ್ಲಿ ಆಸ್ಟ್ರಿಯಾದ ನರರೋಗ ವೈದ್ಯ ಕಾರ್ಲ್ ಡುಸಿಕ್ ತಲೆಯ ಮೂಲಕ ಅಲ್ಟ್ರಾಸೌಂಡ್ ಹಾಯಿಸಿ ಚಿತ್ರ ತೆಗೆದಿದ್ದರು. ಅದರಲ್ಲಿ ಮಿದುಳಿನ ಕುಹರಗಳು ಕಾಣುತ್ತವೆ ಎಂದು ನಂಬಿದ್ದರು. 1950ರ ದಶಕದ ಶುರುವಿನಲ್ಲಿ ಬೇರೆಯವರು ಮಿದುಳಿಲ್ಲದ ತಲೆಬುರುಡೆಯನ್ನಿಟ್ಟು ನೋಡಿದಾಗಲೂ ಅಂಥದ್ದೇ ಚಿತ್ರ ಬಂತು. ಬುರುಡೆಯ ಮೂಳೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಹೀರಿದ್ದರ ವಿನ್ಯಾಸವೇ ಅಂಗದ ಹಾಗೆ ಕಂಡಿತ್ತು. ಅಲ್ಟ್ರಾಸೌಂಡ್ ಚಿತ್ರ ನೋಡುವ ಯಾರೂ ಈ ಘಟನೆಯನ್ನು ಮರೆಯಬಾರದು.

ವಸ್ತು ಇದೆ ಅಂತ ಗೊತ್ತಾಯಿತು. ಅದು ಏನು? ನೀರಿನ ಗುಳ್ಳೆಯಾಗಿದ್ದರೆ ಒಳಗೆ ಪೂರ್ತಿ ಕಪ್ಪಿರಬೇಕಿತ್ತು. ಇದರಲ್ಲಿ ಸಣ್ಣ ಸಣ್ಣ ಪ್ರತಿಧ್ವನಿ ಇತ್ತು. ಲಿವರ್‌ನಲ್ಲಿ ಕೊಬ್ಬು ಸೇರದೆ ಉಳಿದ ತುಂಡು ಹೀಗೆ ಕಾಣಬಹುದು. ಆದರೆ ಅದು ಸಾಮಾನ್ಯವಾಗಿ ಪಿತ್ತಕೋಶದ ಪಕ್ಕ ಇರುತ್ತದೆ, ಇಷ್ಟು ದುಂಡಗೆ ಇರುವುದಿಲ್ಲ. ಹೀಮ್ಯಾಂಜಿಯೋಮಾ, ಅಂದರೆ ರಕ್ತನಾಳಗಳ ನಿರುಪದ್ರವಿ ಗಂಟು, ಇರಬಹುದು. ರಕ್ತ ಶಬ್ದವನ್ನು ಕಡಿಮೆ ಹೀರುತ್ತದೆ ಅನ್ನುವುದಕ್ಕೆ ಅದು ಹೊಂದುತ್ತದೆ. ಪುಸ್ತಕದಲ್ಲಿ ಹೀಮ್ಯಾಂಜಿಯೋಮಾ ಬೆಳ್ಳಗಿರುತ್ತದೆ ಅಂತ ಓದಿರುತ್ತೇವೆ. ಅದು ಸಾಧಾರಣ ಲಿವರ್‌ನಲ್ಲಿ. ಲಿವರ್ ತಾನೇ ಬೆಳ್ಳಗಾದಾಗ ಅದೇ ಗಂಟು ಕಪ್ಪಾಗಿ ಕಾಣುತ್ತದೆ. ಆದರೆ ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್ ಗಡ್ಡೆಯೂ ಕೊಬ್ಬಿದ ಲಿವರ್‌ನಲ್ಲಿ ಕಪ್ಪಾಗಿ ಕಂಡು, ಹಿಂದೆ ಬೆಳಕು ಬಿಡಬಹುದು. ಹಾಗಾಗಿ ಬೆಳಕಿನ ಪಟ್ಟಿಯನ್ನು ನಂಬಿ 'ಏನೂ ಇಲ್ಲ, ಹೋಗಿ' ಅನ್ನುವ ಹಾಗಿರಲಿಲ್ಲ.

ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ ನೋಡಿದೆವು. ಒಳಗೆ ರಕ್ತದ ಹರಿವು ಕಾಣಲಿಲ್ಲ. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರಕ್ತದಿಂದ ಬರುವ ಪ್ರತಿಧ್ವನಿ ಮೊದಲೇ ಬಹಳ ದುರ್ಬಲ, ಇಂಥ ಲಿವರ್ ಅದನ್ನೂ ಹೀರಿಬಿಡುತ್ತದೆ.

ತೀರ್ಮಾನ

ಎರಡನೆಯ ರಿಪೋರ್ಟ್ ಹೇಳಿದಂತೆ ಮೊದಲು ಸೂಜಿ ಹಾಕುವುದು ಬೇಡ ಅಂತ ಕಳಿಸಿದ ವೈದ್ಯರಿಗೆ ಫೋನ್‌ನಲ್ಲಿ ಹೇಳಿದೆ. ಹೀಮ್ಯಾಂಜಿಯೋಮಾ ಇರಬಹುದಾದ ಜಾಗಕ್ಕೆ ಸೂಜಿ ಹಾಕಿದರೆ ರಕ್ತಸ್ರಾವದ ಅಪಾಯ. ಅದೂ ಚಿತ್ರ ಒರಟಾಗಿರುವ ಲಿವರ್‌ನಲ್ಲಿ ಸೂಜಿಯ ತುದಿ ಕಾಣುವುದೇ ಕಷ್ಟ. ಸಿಟಿ ಸ್ಕ್ಯಾನ್ ಊರಿನಲ್ಲೇ ಇತ್ತು, ಬೇಗ ಆಗುತ್ತಿತ್ತು. ಆದರೂ ಎಂಆರ್‌ಐಗೆ ಕಳಿಸಿದೆವು. ತೀವ್ರ ಫ್ಯಾಟಿ ಲಿವರ್‌ನಲ್ಲಿ ಸಿಟಿಯಲ್ಲೂ ಸುತ್ತಲಿನ ಲಿವರ್‌ನ ಬಣ್ಣ ಕೆಟ್ಟಿರುವುದರಿಂದ ಓದುವುದು ತೊಡಕು. ಎಂಆರ್‌ಐ ಕೊಬ್ಬನ್ನೂ ಗಂಟನ್ನೂ ಬೇರೆ ಮಾಡಿ ತೋರಿಸುತ್ತದೆ. ದೊಡ್ಡ ಊರಿಗೆ ಹೋಗಬೇಕು, ಖರ್ಚು ಜಾಸ್ತಿ. ಮಗ ಒಂದು ಮಾತೂ ಆಡದೆ ಒಪ್ಪಿದ.

ಎಂಆರ್‌ಐಯಲ್ಲಿ ಚಿತ್ರ ಎದ್ದು ಕಾಣಲು ಕೊಡುವ ಮದ್ದು ಕೊಟ್ಟಾಗ ಗಂಟಿನ ಅಂಚಿನಲ್ಲಿ ತುಂಡು ತುಂಡಾಗಿ ಬಣ್ಣ ಹಿಡಿದು, ನಿಧಾನವಾಗಿ ಒಳಕ್ಕೆ ತುಂಬಿಕೊಂಡಿತು. ಹೀಮ್ಯಾಂಜಿಯೋಮಾದ್ದೇ ನಡತೆ. ಅದಕ್ಕೆ ಯಾವ ಚಿಕಿತ್ಸೆಯೂ ಬೇಕಿರಲಿಲ್ಲ.

ಚಿಕಿತ್ಸೆ ಬೇಕಿದ್ದದ್ದು ಲಿವರ್‌ಗೆ. ಗಡ್ಡೆಯ ಗಾಬರಿಯಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ. ಫೈಬ್ರೋಸ್ಕ್ಯಾನ್ ಮಾಡಿಸಿದೆವು. ಲಿವರ್ ಶಬ್ದವನ್ನು ಎಷ್ಟು ಕಳೆಯುತ್ತದೆ ಅನ್ನುವುದನ್ನೇ ಆ ಮೆಷಿನ್ ಒಂದು ಅಂಕಿಯಾಗಿ ಕೊಡುತ್ತದೆ, ಮೀಟರ್‌ಗೆ ಇಷ್ಟು ಡೆಸಿಬೆಲ್ ಅಂತ. ಅದನ್ನು ಕ್ಯಾಪ್ ಅನ್ನುತ್ತಾರೆ, 100ರಿಂದ 400ರವರೆಗೆ ಇರುತ್ತದೆ. ದಪ್ಪಗಿರುವವರಿಗೆ ಅದರಲ್ಲೂ ಬೇರೆ ಪ್ರೋಬ್ ಇದೆ, 3.5ರ ಬದಲು 2.5 ಮೆಗಾಹರ್ಟ್ಜ್‌ನದು, ಕಾರಣ ಮತ್ತೆ ಅದೇ. ಯಜಮಾನರ ಅಂಕಿ 338. ಕೊಬ್ಬು ಬಹಳ ಜಾಸ್ತಿ ಅಂತ ಅರ್ಥ. ಒಂದು ಸಮಾಧಾನ ಅಂದರೆ ಲಿವರ್ ಗಟ್ಟಿಯಾಗಿರಲಿಲ್ಲ.

ಯಜಮಾನರನ್ನು ಕೂರಿಸಿಕೊಂಡು ಎರಡೂ ಚಿತ್ರ ತೋರಿಸಿ ಹೇಳಿದೆ: "ಈ ಗಂಟು ನಿಮಗೇನೂ ಮಾಡಲ್ಲ. ಸುತ್ತ ಬೆಳ್ಳಗಿದೆ ನೋಡಿ, ಇದು ಮಾಡುತ್ತೆ." ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿಸಿದರೆ ಲಿವರ್ ಸುಧಾರಿಸುವ ಸಾಧ್ಯತೆ ಚೆನ್ನಾಗಿದೆ. ಅವರು ಕೇಳಿದ್ದು ಒಂದೇ: "ಅನ್ನ ಬಿಡಬೇಕಾ?" ಪೂರ್ತಿ ಬಿಡುವುದು ಬೇಡ, ರಾತ್ರಿಯದ್ದು ಅರ್ಧ ಮಾಡಿ, ಮಂಡಿಗೆ ನಡೆದು ಹೋಗಿ ಅಂದೆ. ಉಳಿದದ್ದನ್ನು ಅವರ ವೈದ್ಯರೂ ಸೊಸೆಯೂ ನೋಡಿಕೊಂಡರು.

ಆಮೇಲೆ

ಒಂದು ವರ್ಷದ ನಂತರ ಮತ್ತೆ ಬಂದಾಗ ತೂಕ 87 ಕಿಲೋ. ಕ್ಯಾಪ್ 262. ಈ ಸಲ ಹೊಟ್ಟೆಯ ಮುಂದಿನಿಂದಲೇ, ಎಂದಿನ ಸೆಟ್ಟಿಂಗ್‌ನಲ್ಲೇ, ವಪೆಯ ಗೆರೆ ಈ ತುದಿಯಿಂದ ಆ ತುದಿಗೆ ಕಂಡಿತು.

ಆದರೆ ಗಂಟನ್ನು ಹುಡುಕಬೇಕಾಯಿತು. ಕಪ್ಪು ಮಚ್ಚೆ ಇರಲಿಲ್ಲ. ಅದೇ ಜಾಗದಲ್ಲಿ, ಅದೇ ಅಳತೆಯ, ಸುತ್ತಲಿನ ಲಿವರ್‌ಗಿಂತ ತುಸುವೇ ಬೆಳ್ಳಗಿನ ದುಂಡು ಇತ್ತು. ಹಿಂದಿನ ಬೆಳಕಿನ ಪಟ್ಟಿಯೂ ಹೆಚ್ಚುಕಡಿಮೆ ಮಾಯವಾಗಿತ್ತು. ಗಂಟು ಬದಲಾಗಿರಲಿಲ್ಲ. ಅದರ ಸುತ್ತಲಿನ ಲಿವರ್ ಬದಲಾಗಿತ್ತು.

ಇದನ್ನು ಹಾಗೇ ಬಿಟ್ಟರೆ ಮುಂದಿನ ಸಲ ಬೇರೆ ಯಾರೋ ನೋಡಿ, 'ಹಳೆಯ ಕಪ್ಪು ಗಡ್ಡೆ ಹೋಗಿದೆ, ಹೊಸ ಬಿಳಿ ಗಡ್ಡೆ ಬಂದಿದೆ' ಅಂತ ಬರೆಯುವುದು ಕಷ್ಟವೇನಲ್ಲ. ಮನೆಯವರು ಮತ್ತೆ ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡು ಕೂರುತ್ತಾರೆ. ಹಾಗಾಗಿ ರಿಪೋರ್ಟ್‌ನಲ್ಲಿ ವಿವರವಾಗಿ ಬರೆದೆವು: ಯಾವ ಫ್ರೀಕ್ವೆನ್ಸಿಯಲ್ಲಿ, ಯಾವ ಕಡೆಯಿಂದ, ಎಷ್ಟು ಆಳದಲ್ಲಿ ನೋಡಿದೆವು, ಎಂಆರ್‌ಐಯಲ್ಲಿ ಖಾತ್ರಿಯಾದ ಗಂಟು ಇದೇ, ಲಿವರ್‌ನ ಕೊಬ್ಬು ಇಳಿದಿರುವುದರಿಂದ ಅದರ ಬಣ್ಣ ಬದಲಾಗಿ ಕಾಣುತ್ತಿದೆ, ಹಿಂಭಾಗ ಈ ಸಲ ಪೂರ್ತಿ ಕಂಡಿದೆ. ಫ್ಯಾಟಿ ಲಿವರ್‌ನ ರಿಪೋರ್ಟ್‌ಗಳಲ್ಲಿ ಆ ಕೊನೆಯ ಮಾತನ್ನು, ಎಲ್ಲಿಯವರೆಗೆ ಕಂಡಿತು, ಎಲ್ಲಿಂದಾಚೆ ಕಾಣಲಿಲ್ಲ ಅನ್ನುವುದನ್ನು, ಈಗ ಆ ಕಿರಿಯ ವೈದ್ಯೆ ಮೊದಲ ಸಾಲಿನಲ್ಲೇ ಬರೆಯುತ್ತಾರೆ.